ಹೀಲಿಂಗ್ ಆದ ಮೇಲೆ ಉಳಿಯುವ ಕೆಲಸ ಯಾರದು? ಸಾಧನೆ, ಶಿಸ್ತು, ಸ್ವಂತ ಹೊಣೆ

ಹೊಳೆದಂಡೆ:
ಪ್ರಾಣಚಿಕಿತ್ಸೆ, ರೇಖಿ (ಎರಡೂ ಪ್ರಾಣಶಕ್ತಿ ಹರಿಸಿ ಗುಣಪಡಿಸುತ್ತೇವೆ ಎನ್ನುವ ಪದ್ಧತಿಗಳು), ಧ್ಯಾನ ಶಿಬಿರ, ಪ್ರಾರ್ಥನೆ, ದಾರಿ ಯಾವುದೇ ಇರಲಿ, ಒಂದು ಸುತ್ತು ಎಲ್ಲೆಡೆ ಕಾಣುತ್ತದೆ. ಸೆಷನ್ ಆಗುತ್ತದೆ, ಮನಸ್ಸು ಹಗುರಾಗುತ್ತದೆ, ರಾತ್ರಿ ನಿದ್ದೆ ಹತ್ತುತ್ತದೆ. ಎರಡು ಮೂರು ದಿನಕ್ಕೆ ಹಳೆಯ ಸಿಟ್ಟು, ಹಳೆಯ ಭಯ ಮತ್ತೆ ಹಾಜರು. ಆಗ ಇನ್ನೊಂದು ಸೆಷನ್, ಅದೂ ಸಾಲದಿದ್ದರೆ ಇನ್ನೊಬ್ಬ ಗುರು. ಎರಡು ಸೆಷನ್‌ಗಳ ನಡುವಿನ ದಿನಗಳಲ್ಲಿ ಏನು ನಡೆಯಬೇಕು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಬದಲಾವಣೆ ಆಗುವುದಿದ್ದರೆ ಆಗುವುದು ಆ ದಿನಗಳಲ್ಲೇ.

ಇಲ್ಲಿ ಅನುಭವ ಕಥನ ಬೇಡ. ಎಷ್ಟು ಹೊತ್ತು, ಯಾವ ಕ್ರಮ, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ, ಇದನ್ನು ಬರೆಯಿರಿ. ಶುರುವಿಗೇ ಒಂದು ಗೆರೆ ಎಳೆದುಬಿಡುತ್ತೇನೆ. ಕಾಯಿಲೆ ಬಂದದ್ದಕ್ಕೆ, ಯಾರೋ ನೋಯಿಸಿದ್ದಕ್ಕೆ ನಾವು ಹೊಣೆಯಲ್ಲ. ಇವತ್ತು ಎದ್ದು ಕೂರುತ್ತೇವೋ ಇಲ್ಲವೋ, ಔಷಧ ಹೊತ್ತಿಗೆ ಸರಿಯಾಗಿ ತಗೊಳ್ಳುತ್ತೇವೋ ಇಲ್ಲವೋ, ಆಡಿದ ಮಾತಿಗೆ ಉತ್ತರ ಕೊಡುತ್ತೇವೋ ಇಲ್ಲವೋ, ಅದಕ್ಕೆ ಹೊಣೆ. ಈ ಎರಡನ್ನೂ ಕಲಸಿದರೆ ಒಂದು ಕಡೆ ಸೋಮಾರಿತನ, ಇನ್ನೊಂದು ಕಡೆ ಅಪರಾಧಪ್ರಜ್ಞೆ.

ನಿಧಾನಿ:
ದಿನದ ಅಭ್ಯಾಸದಿಂದಲೇ ಶುರು ಮಾಡುತ್ತೇನೆ. ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಹೆಚ್ಚಿನದು ಮೊದಲ ತಿಂಗಳಲ್ಲಿ ಬೇಡವೇ ಬೇಡ.

ಮೊದಲ 3 ನಿಮಿಷ ಬರೀ ಕೂರುವುದು. ಚಾಪೆಯೇ ಆಗಬೇಕಿಲ್ಲ, ಕುರ್ಚಿಯೂ ಆದೀತು. ಮಂಡಿ ಸೊಂಟಕ್ಕಿಂತ ಮೇಲಿರಬಾರದು. ಮೇಲಿದ್ದರೆ ಬೆನ್ನು ಹಿಂದಕ್ಕೆ ಬಾಗಿ ಹತ್ತು ನಿಮಿಷದಲ್ಲಿ ಸೊಂಟ ಹಿಡಿಯುತ್ತದೆ. ನೆಲದ ಮೇಲೆ ಕೂರುವವರು ಮಡಿಚಿದ ಕಂಬಳಿಯನ್ನು ಕುಂಡಿಯ ಕೆಳಗೆ ಇಟ್ಟುಕೊಳ್ಳಿ.

ಆಮೇಲೆ 5 ನಿಮಿಷ ನಿಧಾನ ಉಸಿರು. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಎರಡೂ ಮೂಗಿನಿಂದ. ಒಂದು ಎಣಿಕೆಗೆ ಒಂದು ಸೆಕೆಂಡು ಅಂದರೆ ನಿಮಿಷಕ್ಕೆ 6 ಉಸಿರು, ಐದು ನಿಮಿಷಕ್ಕೆ 30. ಉಸಿರು ಕಟ್ಟುವುದು ಬೇಡ. ಇಲ್ಲಿ ಆಗುವ ಸಾಮಾನ್ಯ ತಪ್ಪು ಎದೆಯುಬ್ಬಿಸಿ ಜೋರಾಗಿ ಎಳೆಯುವುದು. ಹಾಗೆ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗುತ್ತದೆ. ತಲೆ ಹಗುರಾಗುತ್ತದೆ, ಬೆರಳ ತುದಿ, ತುಟಿ ಜುಮುಜುಮು ಅನ್ನುತ್ತದೆ. ಬಹಳ ಜನ ಇದನ್ನು ‘ಶಕ್ತಿ ಏರಿತು’ ಎಂದುಕೊಳ್ಳುತ್ತಾರೆ. ಅದು ಹೆಚ್ಚು ಉಸಿರಾಡಿದ್ದರ ಫಲ, ಅಷ್ಟೆ. ಹಾಗಾದರೆ ಎಣಿಕೆ ಬಿಟ್ಟು ಸಹಜ ಉಸಿರಿಗೆ ಬನ್ನಿ, ನಾಳೆ 3–4ರ ಲೆಕ್ಕದಲ್ಲಿ ಮಾಡಿ.

ಮುಂದಿನ 10 ನಿಮಿಷ ಗಮನಿಸುವುದು. ಉಸಿರು ಮೂಗಿನ ಹೊಳ್ಳೆಯಲ್ಲಿ ತಾಗುವ ಜಾಗ ಅಥವಾ ಹೊಟ್ಟೆ ಏರಿಳಿಯುವ ಜಾಗ, ಒಂದನ್ನು ಆರಿಸಿಕೊಳ್ಳಿ. ತಿಂಗಳು ಪೂರ್ತಿ ಅದನ್ನು ಬದಲಿಸಬೇಡಿ. ಮನಸ್ಸು ಹೋಯಿತು ಎಂದು ಗೊತ್ತಾದ ಕೂಡಲೇ ‘ಯೋಚನೆ’, ‘ನೆನಪು’, ‘ಲೆಕ್ಕಾಚಾರ’ ಅಂತ ಒಂದು ಹೆಸರು ಕೊಟ್ಟು ವಾಪಸು ಬನ್ನಿ. ಹತ್ತು ನಿಮಿಷದಲ್ಲಿ ನಲವತ್ತು ಸಲ ಹೋಗಿ ನಲವತ್ತು ಸಲ ವಾಪಸಾದರೆ ಅಭ್ಯಾಸ ನಲವತ್ತು ಸಲ ಆಯಿತು ಅಂತಲೇ ಲೆಕ್ಕ. ‘ನನಗೆ ಧ್ಯಾನ ಹತ್ತುವುದಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಈ ಲೆಕ್ಕವನ್ನು ತಿರುಗಾಮುರುಗಾ ಹಿಡಿದಿರುತ್ತಾರೆ.

ಕೊನೆಯ 2 ನಿಮಿಷ ಅತಿ ಮುಖ್ಯ, ಎಲ್ಲರೂ ಬಿಡುವುದೂ ಅದನ್ನೇ. ಇವತ್ತು ಎದುರಾಗಬಹುದಾದ ಒಂದು ಕಷ್ಟದ ಗಳಿಗೆಯನ್ನು ಆರಿಸಿಕೊಂಡು ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಒಂದೇ ವಾಕ್ಯ ಬರೆಯಿರಿ. ‘ಇವತ್ತು ಸಮಾಧಾನದಿಂದ ಇರುತ್ತೇನೆ’ ಎಂಬುದು ಕೆಲಸಕ್ಕೆ ಬಾರದ ವಾಕ್ಯ. ಯಾವಾಗ, ಏನು ಮಾಡಬೇಕು ಎಂಬುದು ಅದರಲ್ಲಿಲ್ಲ. ‘ಎದುರಿನವರು ದನಿ ಏರಿಸಿದರೆ, ಉತ್ತರ ಕೊಡುವ ಮುಂಚೆ ಒಂದು ಉಸಿರು ಪೂರ್ತಿ ಹೊರಗೆ ಬಿಡುತ್ತೇನೆ.’ ಇದು ಸರಿಯಾದ ವಾಕ್ಯ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಈ ‘ಹೀಗಾದರೆ–ಹೀಗೆ ಮಾಡುತ್ತೇನೆ’ ಮಾದರಿಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಬರೀ ಗುರಿ ಇಟ್ಟುಕೊಂಡವರಿಗಿಂತ ಸಂದರ್ಭವನ್ನೂ ಕ್ರಿಯೆಯನ್ನೂ ಕಟ್ಟಿಕೊಂಡವರು ಹೆಚ್ಚು ಬಾರಿ ಮಾಡಿ ತೋರಿಸುತ್ತಾರೆ.

ಹೊತ್ತಿನ ವಿಷಯ. ಗಡಿಯಾರಕ್ಕೆ ಕಟ್ಟುವುದಕ್ಕಿಂತ ಈಗಾಗಲೇ ತಪ್ಪದೆ ನಡೆಯುವ ಕೆಲಸಕ್ಕೆ ಕಟ್ಟಿ: ಹಲ್ಲುಜ್ಜಿದ ಮೇಲೆ, ಸ್ನಾನ ಮುಗಿದ ಮೇಲೆ. ‘ಬಿಡುವಾದಾಗ’ ಎಂದು ಇಟ್ಟುಕೊಂಡದ್ದು ಎರಡನೇ ವಾರಕ್ಕೆ ನಿಲ್ಲುತ್ತದೆ. ಊಟವಾದ ಕೂಡಲೇ ಕೂತರೆ ತೂಕಡಿಕೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಸಮಯಕ್ಕೆ ಪ್ರತ್ಯೇಕ ಅಲಾರಂ ಇಟ್ಟುಕೊಳ್ಳಿ.

ಹೊಸಬ:
ನಿಧಾನಿ ಅವರೇ, ವಾರದಲ್ಲಿ ಒಂದೆರಡು ದಿನ ತಪ್ಪಿದರೆ ಹಿಂದಿನದೆಲ್ಲ ವ್ಯರ್ಥವೇ? 21 ದಿನ ಬಿಡದೆ ಮಾಡಿದರೆ ಅಭ್ಯಾಸ ಕೂರುತ್ತದೆ, ನಡುವೆ ಬಿಟ್ಟರೆ ಮತ್ತೆ ಒಂದರಿಂದ ಎಣಿಸಬೇಕು ಎಂದು ಕೆಲವರು ಹೇಳುತ್ತಾರಲ್ಲ.

ನಿಧಾನಿ:
21ರ ಮಾತಿಗೆ ಆಧಾರ ತೆಳು. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕೆಂದು ಬರೆದಿದ್ದರು. ಬಾಯಿಂದ ಬಾಯಿಗೆ ಬರುತ್ತ ‘ಕನಿಷ್ಠ’ ಬಿದ್ದುಹೋಯಿತು. 2009ರಲ್ಲಿ ಹೊರಬಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನದಲ್ಲಿ 96 ಮಂದಿ 12 ವಾರ ಒಂದೊಂದು ಚಿಕ್ಕ ಅಭ್ಯಾಸವನ್ನು ಪ್ರಯತ್ನಿಸಿದರು. ತನ್ನಿಂತಾನೇ ಆಗುವ ಹಂತ ತಲುಪಲು ಹಿಡಿದ ದಿನಗಳ ಮಧ್ಯಮ ಲೆಕ್ಕ 66. ಅಂದಾಜಿಸಿದ ವ್ಯಾಪ್ತಿ 18ರಿಂದ 254 ದಿನ. ನಿಮ್ಮ ಪ್ರಶ್ನೆಗೆ ನೇರ ಉತ್ತರವೂ ಅಲ್ಲೇ ಇದೆ: ಒಂದು ಸಲ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ.

ಅಲ್ಲಿ ನೋಡಿದ್ದು ನೀರು ಕುಡಿಯುವುದು, ನಡೆಯುವುದು ಮುಂತಾದ ಸಣ್ಣ ಕೆಲಸಗಳನ್ನು. ಮನಸ್ಸು ಮಾಗುವುದಕ್ಕೆ ಆ ಲೆಕ್ಕ ಹಚ್ಚಬೇಡಿ. ಎದ್ದು ಕೂರುವ ಅಭ್ಯಾಸಕ್ಕೆ ಹಚ್ಚಬಹುದು.

ತಪ್ಪಿದ ಮರುದಿನ ಹೀಗೆ ಮಾಡಿ. ನಲವತ್ತು ನಿಮಿಷ ಕೂತು ಬಾಕಿ ತೀರಿಸಲು ಹೋಗಬೇಡಿ. ಅದು ದಂಡ, ದಂಡ ಕಟ್ಟಬೇಕಾದ ಜಾಗಕ್ಕೆ ಮನಸ್ಸು ಮೂರನೇ ದಿನ ಬರುವುದಿಲ್ಲ. ಎಂದಿನ ಇಪ್ಪತ್ತೇ ಮಾಡಿ. ಆಗದಿದ್ದರೆ ಮೂರು ನಿಮಿಷದ ಚಿಕ್ಕ ರೂಪ: ಹತ್ತು ನಿಧಾನ ಉಸಿರು, ಒಂದು ವಾಕ್ಯ. ಎರಡನೇ ದಿನ ಮಾತ್ರ ಪೂರ್ತಿ ಖಾಲಿ ಬಿಡಬೇಡಿ. ತಪ್ಪಿದ ದಿನದ ಮುಂದೆ ಕಾರಣವನ್ನು ಒಂದೇ ಪದದಲ್ಲಿ ಬರೆಯಿರಿ: ಜ್ವರ, ತಡ, ಜಗಳ, ಬೇಸರ. ತಿಂಗಳಿಗೊಮ್ಮೆ ಆ ಪಟ್ಟಿ ನೋಡಿ. ‘ತಡ’ ಎಂಬುದೇ ಹತ್ತು ಸಲ ಇದ್ದರೆ ರಿಪೇರಿ ಮಾಡಬೇಕಾದದ್ದು ಹಿಂದಿನ ರಾತ್ರಿ ಮಲಗುವ ಹೊತ್ತನ್ನು.

ತಪೋನಿಷ್ಠ:
ಇಲ್ಲಿ ನನಗೆ ಅಸಮಾಧಾನವಿದೆ, ಹೇಳಿಬಿಡುತ್ತೇನೆ. ಮೂರು ನಿಮಿಷವೂ ಆಗುತ್ತದೆ, ತಪ್ಪಿದರೂ ಪರವಾಗಿಲ್ಲ ಎಂಬ ಮಾತು ಸೋಮಾರಿಯ ಕಿವಿಗೆ ಅನುಮತಿಯ ಹಾಗೆ ಕೇಳುತ್ತದೆ. ಪತಂಜಲಿಯ ಯೋಗಸೂತ್ರ ಅಭ್ಯಾಸಕ್ಕೆ ಮೂರು ಷರತ್ತು ಇಡುತ್ತದೆ (1.14): ದೀರ್ಘಕಾಲ, ನೈರಂತರ್ಯ, ಸತ್ಕಾರ. ಬಹಳ ಕಾಲ, ಎಡೆಬಿಡದೆ, ಆದರದಿಂದ. ಎಡೆಬಿಡದೆ ಎಂಬುದನ್ನು ಸಡಿಲಿಸಿದರೆ ಉಳಿಯುವುದೇನು?

ಸಂಕಲ್ಪದ ಲಾಭ ಬಹಳ ಪ್ರಾಯೋಗಿಕ. ಪ್ರತಿ ಬೆಳಗ್ಗೆ ‘ಇವತ್ತು ಕೂರಲೋ ಬೇಡವೋ’ ಎಂಬ ಚೌಕಾಸಿ ಅದರಿಂದ ನಿಲ್ಲುತ್ತದೆ. ಶಕ್ತಿ ಸೋರುವುದು ಆ ಚೌಕಾಸಿಯಲ್ಲಿ, ಕೂರುವುದರಲ್ಲಿ ಅಲ್ಲ. ಸಂಕಲ್ಪಕ್ಕೆ ಅಳತೆ ಇರಬೇಕು: ಏನು, ಎಷ್ಟು, ಎಲ್ಲಿಯವರೆಗೆ. ‘ಇನ್ನು ಮುಂದೆ ಎಂದೂ ಸಿಟ್ಟು ಮಾಡುವುದಿಲ್ಲ’ ಎಂಬುದು ಮುರಿಯಲೆಂದೇ ಮಾಡಿದ ಸಂಕಲ್ಪ. ಅದಕ್ಕೆ ಕೊನೆಯಿಲ್ಲ, ಅಳತೆಯಿಲ್ಲ. ‘ಮುಂದಿನ 40 ದಿನ, ಬೆಳಗ್ಗೆ, 20 ನಿಮಿಷ’ ಎಂಬುದನ್ನು ನಡೆಸಬಹುದು. ನಲವತ್ತು ಮುಗಿದ ದಿನ ನಿಂತು ನೋಡಿ, ಮುಂದಿನದನ್ನು ಹೊಸದಾಗಿ ತೊಡಿ. ಒಂದು ಸಮಯಕ್ಕೆ ಒಂದೇ ಸಂಕಲ್ಪ. ಊಟ, ನಿದ್ದೆ, ಮಾತು, ಮೊಬೈಲ್, ಎಲ್ಲವನ್ನೂ ಒಂದೇ ಸೋಮವಾರ ಬದಲಿಸಲು ಹೊರಟವರು ಗುರುವಾರಕ್ಕೆ ಎಲ್ಲವನ್ನೂ ಬಿಟ್ಟಿರುತ್ತಾರೆ.

ನಿಧಾನಿ:
ತಪೋನಿಷ್ಠರೇ, ಅಳತೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದೇ ಗ್ರಂಥ ಸ್ವಲ್ಪ ಮುಂದೆ (1.30) ಸಾಧಕ ಎಡವುವ ಒಂಬತ್ತು ಕಾರಣಗಳನ್ನು ಎಣಿಸುತ್ತದೆ, ಅದರಲ್ಲಿ ಮೊದಲನೆಯದೇ ವ್ಯಾಧಿ. ಆಲಸ್ಯ ಬರುವುದು ಐದನೆಯದಾಗಿ. ಎಲ್ಲ ತಪ್ಪುವಿಕೆಗೂ ‘ಸೋಮಾರಿತನ’ ಎಂದು ಒಂದೇ ಚೀಟಿ ಅಂಟಿಸಿದರೆ ಮದ್ದು ತಪ್ಪುತ್ತದೆ. ಒಂಬತ್ತನ್ನೂ ನೀವೇ ಬಿಡಿಸಿ ಬರೆದರೆ ಎಲ್ಲರಿಗೂ ಉಪಯೋಗ.

ತಪೋನಿಷ್ಠ:
ನ್ಯಾಯವಾದ ಮಾತು. ಬರೆಯುತ್ತೇನೆ.

ವ್ಯಾಧಿ ಎಂದರೆ ದೇಹದ ಕಾಯಿಲೆ. ಮದ್ದು ವೈದ್ಯರಲ್ಲಿ, ಹಟ ಹಿಡಿದು ಕೂರುವುದರಲ್ಲಿ ಇಲ್ಲ. ಸ್ತ್ಯಾನ ಎಂದರೆ ಮನಸ್ಸಿನ ಜಡ್ಡು: ದೇಹಕ್ಕೆ ಆಯಾಸವಿಲ್ಲ, ಆದರೂ ಮನಸ್ಸು ಏಳದು. ಅದಕ್ಕೆ ಮೊದಲು ಹತ್ತು ನಿಮಿಷ ಚುರುಕಾಗಿ ನಡೆದು ಆಮೇಲೆ ಕೂರಬೇಕು. ವಾರಗಟ್ಟಲೆ ಯಾವುದರಲ್ಲೂ ರುಚಿಯಿಲ್ಲದೆ ಹೋದರೆ ಅದನ್ನು ಸ್ತ್ಯಾನ ಎನ್ನದೆ ಖಿನ್ನತೆ ಇರಬಹುದೇ ಎಂದು ಕೇಳಿಕೊಳ್ಳಬೇಕು. ಸಂಶಯ: ಈ ದಾರಿ ಸರಿಯೋ, ಆ ದಾರಿಯೋ. ಕೂತಾಗ ಬಗೆಹರಿಸಲು ಹೋಗಬೇಡಿ; ಸಂಕಲ್ಪದ ಅವಧಿ ಮುಗಿಯುವ ದಿನಕ್ಕೆ ಆ ಪ್ರಶ್ನೆಯನ್ನು ಬರೆದಿಡಿ. ಪ್ರಮಾದ ಎಂದರೆ ಗೊತ್ತಿದ್ದೂ ಅಜಾಗರೂಕತೆ. ರಾತ್ರಿ ಒಂದರವರೆಗೆ ಪರದೆ ನೋಡಿ ಬೆಳಗ್ಗೆ ಐದಕ್ಕೆ ಅಲಾರಂ ಇಡುವುದು ಇದರ ಒಳ್ಳೆಯ ಉದಾಹರಣೆ. ಆಲಸ್ಯಕ್ಕೆ ದೇಹ ಭಾರ; ಊಟದ ಪ್ರಮಾಣ, ನಿದ್ದೆ ನೋಡಬೇಕು. ಅವಿರತಿ ಎಂದರೆ ವಿಷಯಗಳ ಸೆಳೆತ ಬಿಡದಿರುವುದು. ಅದರ ಮೇಲೆ ಇಚ್ಛಾಶಕ್ತಿ ಪ್ರಯೋಗಿಸುವುದಕ್ಕಿಂತ ಸೆಳೆಯುವ ವಸ್ತುವನ್ನೇ ಕೈಗೆಟುಕದ ಕಡೆ ಇಡುವುದು ಸುಲಭ.

ಉಳಿದ ಮೂರು ಮುಂದೆ ಹೋದವರನ್ನೇ ಹಿಡಿಯುತ್ತವೆ. ಭ್ರಾಂತಿದರ್ಶನ: ಬೆಳಕು ಕಂಡಿತು, ದನಿ ಕೇಳಿತು, ಹಾಗಾಗಿ ನನಗೆ ಸಿದ್ಧಿಯಾಯಿತು ಎಂಬ ತಪ್ಪು ತಿಳಿವು. ಅಲಬ್ಧಭೂಮಿಕತ್ವ: ಎಷ್ಟು ಮಾಡಿದರೂ ಮುಂದಿನ ನೆಲೆ ಸಿಗದಿರುವುದು. ಅನವಸ್ಥಿತತ್ವ: ಸಿಕ್ಕಿದ ನೆಲೆ ನಿಲ್ಲದಿರುವುದು. ಶಿಬಿರದಲ್ಲಿ ಸಿಕ್ಕ ಶಾಂತಿ ಮನೆಗೆ ಬಂದ ವಾರಕ್ಕೆ ಕರಗುವುದು ಈ ಕೊನೆಯದು. ಹೊಳೆದಂಡೆಯವರು ಕೇಳಿದ ಸುತ್ತಿನ ಹೆಸರೂ ಇದೇ. ಹೊಸ ಶಿಬಿರದಿಂದ ಇದಕ್ಕೆ ಪರಿಹಾರವಿಲ್ಲ. ಶಿಬಿರದಲ್ಲಿದ್ದ ದಿನಚರಿಯ ಒಂದು ಸಣ್ಣ ತುಂಡನ್ನಾದರೂ ಮನೆಯಲ್ಲಿ ಅದೇ ಹೊತ್ತಿಗೆ ಉಳಿಸಿಕೊಳ್ಳಬೇಕು.

ಬೇವಿನೆಲೆ:
ವ್ಯಾಧಿಯ ಮಾತು ಬಂತು, ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ‘ನಿನ್ನ ಕಾಯಿಲೆಗೆ ನಿನ್ನ ಯೋಚನೆಯೇ ಕಾರಣ’ ಎಂಬ ಮಾತನ್ನು ಯಾವ ಹೀಲರ್ ಹೇಳಿದರೂ ಅಲ್ಲಿಂದ ಎದ್ದು ಬನ್ನಿ. ಕ್ಯಾನ್ಸರ್, ಟೈಪ್ 1 ಮಧುಮೇಹ, ಬೈಪೋಲಾರ್ ಕಾಯಿಲೆ, ಇವು ಮನಸ್ಸು ಶುದ್ಧವಿಲ್ಲದ್ದಕ್ಕೆ ಬಂದ ಶಿಕ್ಷೆಯಲ್ಲ. ಹಾಗೆಂದು ನಂಬಿಸಿದರೆ ರೋಗಿ ಎರಡು ಭಾರ ಹೊರುತ್ತಾನೆ: ಕಾಯಿಲೆಯದ್ದು, ಅದನ್ನು ತಾನೇ ತಂದುಕೊಂಡೆ ಎಂಬ ಅವಮಾನದ್ದು. ಆ ಎರಡನೆಯದು ಅವನನ್ನು ವೈದ್ಯರಿಂದ ದೂರ ಇಡುತ್ತದೆ. ಅಪಾಯ ಅಲ್ಲಿದೆ.

ಸಾಧನೆ ಶುರುಮಾಡಿ ಮನಸ್ಸು ಹಗುರಾದ ಕೂಡಲೇ ಔಷಧ ನಿಲ್ಲಿಸುವುದು ಅತ್ಯಂತ ದುಬಾರಿ ತಪ್ಪು. ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ನಿಂತರೆ ದಿನಗಳೊಳಗೇ ಜೀವಕ್ಕೆ ಅಪಾಯ. ಅಪಸ್ಮಾರದ (ಮೂರ್ಛೆರೋಗದ) ಮಾತ್ರೆ ಏಕಾಏಕಿ ನಿಂತರೆ ಸೆಳವು ಮರಳಬಹುದು. ಖಿನ್ನತೆಯ ಮಾತ್ರೆ ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಕಿರಿಕಿರಿ ಬರಬಹುದು. ಅದನ್ನು ‘ಕಲ್ಮಶ ಹೊರಬರುತ್ತಿದೆ’ ಎಂದು ವಿವರಿಸುವವರು ಸಿಗುತ್ತಾರೆ. ಪ್ರಮಾಣ ಇಳಿಸಬೇಕೆನಿಸಿದರೆ ಬರೆದುಕೊಟ್ಟ ವೈದ್ಯರ ಜತೆ ಮಾತಾಡಿ, ಅವರು ಹೇಳಿದ ವೇಗದಲ್ಲಿ ಇಳಿಸಿ.

ರಭಸದ ಉಸಿರಿನ ಕ್ರಿಯೆಗಳಾದ ಕಪಾಲಭಾತಿ, ಭಸ್ತ್ರಿಕಾ ಇವು ಗರ್ಭಿಣಿಯರಿಗೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಹರ್ನಿಯಾ, ಗ್ಲಾಕೋಮಾ, ಅಪಸ್ಮಾರ ಇರುವವರಿಗೆ ಬೇಡ. ಮಧುಮೇಹಕ್ಕೆ ಔಷಧ ತಗೊಳ್ಳುವವರು ಉಪವಾಸ ವ್ರತ ಹಿಡಿಯುವ ಮುನ್ನ ಪ್ರಮಾಣದ ಬಗ್ಗೆ ಕೇಳಲೇಬೇಕು, ಇಲ್ಲದಿದ್ದರೆ ಸಕ್ಕರೆ ಅಂಶ ಕುಸಿಯಬಹುದು. ತಪಸ್ಸಿನ ಹೆಸರಲ್ಲಿ ನಿದ್ದೆ ಕತ್ತರಿಸುವವರಿಗೂ ಒಂದು ಮಾತು: ಅತಿಯಾಗಿ ತಿನ್ನುವವನಿಗೂ, ಏನೂ ತಿನ್ನದವನಿಗೂ, ಅತಿ ನಿದ್ದೆಯವನಿಗೂ, ಅತಿ ಎಚ್ಚರದವನಿಗೂ ಯೋಗವಿಲ್ಲ ಎಂದು ಗೀತೆಯೇ (6.16) ಹೇಳುತ್ತದೆ. ವಯಸ್ಕರಿಗೆ ಏಳು ಗಂಟೆ ನಿದ್ದೆ ಐಷಾರಾಮವಲ್ಲ.

ದಿನಚರಿ:
ಬೆಳಗಿನದಾಯಿತು, ರಾತ್ರಿಯದು ಹೇಳುತ್ತೇನೆ. ಆತ್ಮಾವಲೋಕನ ಎಂಬ ಪದ ಎಲ್ಲರೂ ಬಳಸುತ್ತಾರೆ, ಹೇಗೆ ಎಂದು ಕೇಳಿದರೆ ಉತ್ತರವಿಲ್ಲ. ಒಂದು ನೋಟ್‌ಬುಕ್, ಹತ್ತು ನಿಮಿಷ, ದಿನಕ್ಕೆ ಒಂದೇ ಘಟನೆ. ಐದು ಸಾಲು:

ಏನಾಯಿತು: ಕ್ಯಾಮೆರಾ ಕಂಡಷ್ಟು ಮಾತ್ರ. ‘ಅವಮಾನ ಮಾಡಿದರು’ ಎಂದಲ್ಲ. ‘ನಾನು ಮಾತಾಡುವಾಗ ಎದ್ದು ಹೋದರು’.
ದೇಹದಲ್ಲಿ ಏನು: ಎದೆ ಬಿಗಿ, ಕಿವಿ ಬಿಸಿ, ಹೊಟ್ಟೆ ಹಿಂಡಿದ ಹಾಗೆ.
ಏನು ಮಾಡಬೇಕೆನಿಸಿತು: ಕೂಗಬೇಕು, ಓಡಬೇಕು, ಮಾತು ಬಿಡಬೇಕು.
ಏನು ಮಾಡಿದೆ.
ಇದರಲ್ಲಿ ನನ್ನ ಪಾಲು ಎಷ್ಟು, ನಾಳೆಗೆ ಉಳಿದ ಕೆಲಸವೇನು.

ಐದನೇ ಸಾಲಿನಲ್ಲಿ ಎರಡು ಬಗೆಯಲ್ಲಿ ಜಾರುತ್ತಾರೆ. ಒಂದು, ಎದುರಿನವರ ಪಾಲನ್ನೇ ಪುಟಗಟ್ಟಲೆ ಬರೆಯುವುದು. ಆಗ ಅದು ದೂರಿನ ಅರ್ಜಿ. ಇನ್ನೊಂದು, ‘ಎಲ್ಲ ನನ್ನಿಂದಲೇ, ನಾನೇ ಕೆಟ್ಟವಳು’ ಎಂದು ಬರೆಯುವುದು. ಎರಡನೆಯದು ವಿನಯದಂತೆ ಕಾಣುತ್ತದೆ, ಆದರೆ ಅದರಿಂದ ನಾಳೆ ಮಾಡಲು ಕೆಲಸವೇನೂ ಹುಟ್ಟುವುದಿಲ್ಲ. ಕೆಲಸ ಹುಟ್ಟದ ಸಾಲನ್ನು ಹೊಡೆದು ಮತ್ತೆ ಬರೆಯಿರಿ. ನಿಮ್ಮ ಪಾಲು ಸೊನ್ನೆಯಾಗಿರಲೂಬಹುದು. ಹೊಡೆತ, ದೌರ್ಜನ್ಯ, ಬಾಲ್ಯದಲ್ಲಿ ಆದ ಹಿಂಸೆ, ಇವುಗಳ ಮುಂದೆ ‘ನನ್ನ ಪಾಲು’ ಹುಡುಕಬೇಡಿ. ಅಲ್ಲಿ ಬರೆಯಬೇಕಾದ್ದು ‘ನನ್ನ ಸುರಕ್ಷತೆಗೆ ನಾಳೆ ಯಾರಿಗೆ ಹೇಳುತ್ತೇನೆ’ ಎಂಬುದನ್ನು.

ಒಂದೇ ದೋಷದ ಬೆನ್ನು ಹತ್ತಬೇಕೆಂದರೆ 16ನೇ ಶತಮಾನದ ಕ್ರೈಸ್ತ ಸಂತ ಇಗ್ನೇಷಿಯಸ್ ಲೊಯೋಲಾ ಬಿಟ್ಟುಹೋದ ವಿಧಾನ ಚೊಕ್ಕವಾಗಿದೆ. ಬೆಳಗ್ಗೆ ಎದ್ದಾಗ ಆ ಒಂದು ದೋಷವನ್ನು ನೆನೆದು ಎಚ್ಚರ ತಂದುಕೊಳ್ಳುವುದು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಎಷ್ಟು ಸಲ ಜಾರಿದೆ ಎಂದು ಗೆರೆಯ ಮೇಲೆ ಚುಕ್ಕಿ ಹಾಕುವುದು. ಮಧ್ಯಾಹ್ನದ ಗೆರೆಗೂ ರಾತ್ರಿಯದಕ್ಕೂ ಹೋಲಿಕೆ, ನಿನ್ನೆಗೂ ಇವತ್ತಿಗೂ, ಕಳೆದ ವಾರಕ್ಕೂ ಈ ವಾರಕ್ಕೂ. ಮೊದಲ ವಾರ ಚುಕ್ಕಿ ಹೆಚ್ಚಾಗುತ್ತವೆ. ಗಾಬರಿ ಬೇಡ, ಮುಂಚೆ ಕಾಣದೆ ಹೋಗುತ್ತಿದ್ದವು ಈಗ ಕಾಣುತ್ತಿವೆ.

ಹೊಸಬ:
ನನ್ನ ಪಾಲು ಇದೆ ಅಂತ ಗೊತ್ತಾಯಿತು, ಆಮೇಲೆ? ಮನಸ್ಸಿನಲ್ಲೇ ಕ್ಷಮೆ ಕೇಳಿದರೆ ಸಾಲದೇ? ‘ಬೆಳಕು ಕಳಿಸಿ’ ಅಂತ ಒಂದು ಧ್ಯಾನ ಹೇಳಿಕೊಡುತ್ತಾರೆ.

ದಿನಚರಿ:
ಮನಸ್ಸಿನಲ್ಲಿ ಕೇಳುವುದು ತಯಾರಿ. ಅದರಿಂದ ನೀವು ಹಗುರಾಗಬಹುದು, ನೊಂದವರಿಗೆ ಏನೂ ತಲುಪಿಲ್ಲ. ನೋವನ್ನೋ ಹೊಣೆಯನ್ನೋ ತಪ್ಪಿಸಿಕೊಳ್ಳಲು ಆಧ್ಯಾತ್ಮದ ಮಾತನ್ನೇ ಅಡ್ಡ ಇಟ್ಟುಕೊಳ್ಳುವ ಈ ಚಾಳಿಗೆ 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೆಲ್‌ವುಡ್ ‘ಸ್ಪಿರಿಚುಯಲ್ ಬೈಪಾಸಿಂಗ್’ ಎಂದು ಹೆಸರಿಟ್ಟರು.

ಕ್ಷಮೆ ಕೇಳುವಾಗ ಮಾಡಿದ್ದನ್ನು ಹೆಸರಿಟ್ಟು ಹೇಳಿ, ಅವರಿಗೆ ಅದರಿಂದ ಆದದ್ದನ್ನು ಹೇಳಿ, ಸರಿಪಡಿಸಲು ಏನು ಮಾಡುತ್ತೀರಿ ಎಂದು ಹೇಳಿ, ಅಲ್ಲಿಗೆ ನಿಲ್ಲಿಸಿ. ‘ನಿಮಗೆ ಬೇಸರ ಆಗಿದ್ದರೆ ಸಾರಿ’ ಎಂಬುದರಲ್ಲಿ ಈ ಮೂರೂ ಇಲ್ಲ. ‘ಆದರೆ’ ಎಂಬ ಪದ ಬಂದರೆ ಅಲ್ಲಿಂದ ಮುಂದೆ ಎಲ್ಲ ಸಮರ್ಥನೆ. ಅವರು ಕ್ಷಮಿಸಬೇಕೆಂಬ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ; ಅದು ಅವರ ಕೈಯಲ್ಲಿರುವ ವಿಷಯ. ಕೇಳದೇ ಇರಬೇಕಾದ ಸಂದರ್ಭವೂ ಇದೆ. ಕುಡಿತ ಬಿಡಲು ಹೊರಟವರು ಒಬ್ಬರಿಗೊಬ್ಬರು ನೆರವಾಗುವ, 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ 12 ಮೆಟ್ಟಿಲುಗಳಲ್ಲಿ ಒಂಬತ್ತನೆಯದು ನೇರವಾಗಿ ತಪ್ಪು ಸರಿಪಡಿಸಿಕೊಳ್ಳಿ ಎನ್ನುತ್ತದೆ, ಆದರೆ ಹಾಗೆ ಮಾಡುವುದರಿಂದ ಅವರಿಗೋ ಬೇರೆಯವರಿಗೋ ಹಾನಿಯಾಗುವುದಾದರೆ ಬೇಡ ಎಂಬ ಷರತ್ತಿನೊಂದಿಗೆ. ನಿಮ್ಮ ಮುಖ ನೋಡಿದರೇ ಹೆದರುವವರ ಮನೆ ಬಾಗಿಲಿಗೆ ಕ್ಷಮೆ ಹೊತ್ತುಕೊಂಡು ಹೋಗಬೇಡಿ. ಸಾಲವನ್ನು ಬೇರೆಯವರ ಮೂಲಕ ತೀರಿಸಿ, ದೂರ ಇರಿ.

ಮೌನರಾಗ:
ಧ್ಯಾನದಿಂದ ತೊಂದರೆಯೂ ಆಗಬಹುದು, ಅದನ್ನು ಬಿಟ್ಟರೆ ಈ ಚರ್ಚೆ ಅರ್ಧವಾಗುತ್ತದೆ. ಜೇರೆಡ್ ಲಿಂಡಾಲ್, ವಿಲೋಬಿ ಬ್ರಿಟನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಶ್ಚಾತ್ಯ ಬೌದ್ಧ ಧ್ಯಾನಿಗಳು ಎದುರಿಸಿದ ಕಷ್ಟಗಳನ್ನು ವಿವರವಾಗಿ ದಾಖಲಿಸಿದ್ದಾರೆ: ಭಯ, ನಿದ್ದೆಗೇಡು, ಹಳೆಯ ಆಘಾತದ ನೆನಪು ನುಗ್ಗುವುದು, ತಾನೇ ತನಗೆ ಅಪರಿಚಿತ ಅನಿಸುವುದು. ಇವರೆಲ್ಲ ಅಶಿಸ್ತಿನವರಲ್ಲ, ಹಲವರು ಅನುಭವಿ ಸಾಧಕರು, ಗುರುಗಳು.

ಕೂತಾಗ ಅಳು ಬಂತು, ಹತ್ತು ನಿಮಿಷದಲ್ಲಿ ತಣ್ಣಗಾಯಿತು ಅಂದರೆ ಮುಂದುವರಿಸಬಹುದು. ಎದ್ದ ಮೇಲೂ ಗಂಟೆಗಟ್ಟಲೆ ಎದೆಬಡಿತ, ದೇಹದಿಂದ ಹೊರಗಿದ್ದ ಹಾಗೆ ಅನಿಸಿಕೆ ಇದ್ದರೆ ಅವಧಿಯನ್ನು ಅರ್ಧಕ್ಕೆ ಇಳಿಸಿ, ಕಣ್ಣು ತೆರೆದು ಕೂರಿ, ಒಳಗಿನ ಉಸಿರು ಬಿಟ್ಟು ಹೊರಗಿನ ಶಬ್ದಕ್ಕೆ, ಪಾದ ನೆಲಕ್ಕೆ ತಾಗುವುದಕ್ಕೆ ಗಮನ ಕೊಡಿ. ಕೂರುವುದರ ಬದಲು ನಡೆಯಿರಿ. ಎರಡು ಮೂರು ರಾತ್ರಿ ನಿದ್ದೆಯೇ ಬೇಡವಾಗಿ ಉತ್ಸಾಹ ಉಕ್ಕುತ್ತಿದ್ದರೆ, ಬೇರೆಯವರಿಗೆ ಕೇಳದ ದನಿ ಆಜ್ಞೆ ಕೊಡುತ್ತಿದ್ದರೆ, ಸಾಯಬೇಕೆನಿಸಿದರೆ, ಧ್ಯಾನ ಪೂರ್ತಿ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಿ, ಜತೆಗೆ ಒಬ್ಬರು ಇರಲಿ. ‘ಇದು ಪರೀಕ್ಷೆ, ಇನ್ನೂ ಹೆಚ್ಚು ಕೂರು’ ಎಂಬ ಸಲಹೆಯನ್ನು ಕೇಳಬೇಡಿ, ಹೇಳುವವರು ಎಷ್ಟೇ ದೊಡ್ಡವರಿರಲಿ.

ತಪೋನಿಷ್ಠರಲ್ಲಿ ಒಂದು ಕೋರಿಕೆ. ಸಂಕಲ್ಪ ತೊಡುವಾಗಲೇ ‘ಈ ಲಕ್ಷಣ ಬಂದರೆ ನಿಲ್ಲಿಸುತ್ತೇನೆ’ ಎಂಬ ಸಾಲನ್ನೂ ಸೇರಿಸಲು ಹೇಳಿ. ಆಗ ನಿಲ್ಲಿಸುವುದು ಸೋಲು ಅನಿಸುವುದಿಲ್ಲ, ಅದೂ ಸಂಕಲ್ಪದ ಭಾಗವಾಗುತ್ತದೆ.

ತಪೋನಿಷ್ಠ:
ಸೇರಿಸುತ್ತೇನೆ. ಇದು ಬೇಕಾಗಿದ್ದ ತಿದ್ದುಪಡಿ.

ಹೊಳೆದಂಡೆ:
ಇಷ್ಟಾದ ಮೇಲೆ ಹೀಲರ್ ಪಾತ್ರವೇನು ಎಂದು ಕೇಳಬಹುದು. ರೇಖಿಯನ್ನೇ ನೋಡಿ. ಜಪಾನಿನಲ್ಲಿ 1922ರಲ್ಲಿ ಮಿಕಾವೊ ಉಸುಯಿ ಇದನ್ನು ಆರಂಭಿಸಿದರು. ಅವರ ಬೋಧನೆಯ ತಿರುಳು ಐದು ಸಾಲು: ಇವತ್ತಿನ ಮಟ್ಟಿಗೆ ಸಿಟ್ಟಾಗಬೇಡ, ಚಿಂತಿಸಬೇಡ, ಕೃತಜ್ಞನಾಗಿರು, ಕೆಲಸವನ್ನು ಶ್ರದ್ಧೆಯಿಂದ ಮಾಡು, ಎಲ್ಲರಲ್ಲೂ ಕರುಣೆಯಿರಲಿ. ಬೆಳಗ್ಗೆ, ಸಂಜೆ ಕೈಜೋಡಿಸಿ ಮನಸ್ಸಿನಲ್ಲಿ ನೆನೆದು ಬಾಯಿಯಲ್ಲಿ ಹೇಳಬೇಕೆಂದು ಸೂಚನೆ. ಕೈಯಿಟ್ಟು ಶಕ್ತಿ ಹರಿಸುವ ಪದ್ಧತಿಯೆಂದೇ ಹೆಸರಾದದ್ದು ಕೂಡ ದಿನಕ್ಕೆರಡು ಬಾರಿಯ ಕೆಲಸವನ್ನು ಸಾಧಕನಿಗೇ ಕೊಟ್ಟಿದೆ. ಇವತ್ತಿನ ಬಹುಪಾಲು ಸೆಷನ್‌ಗಳಲ್ಲಿ ಉಳಿದಿರುವುದು ಮಲಗುವುದು, ಎದ್ದು ಹೋಗುವುದು. ಇದು ನೋವಿನ ಸಂಗತಿ. ರೇಖಿಯೊಂದೇ ರೋಗ ಗುಣಪಡಿಸುತ್ತದೆ ಎನ್ನಲು ಗಟ್ಟಿ ವೈಜ್ಞಾನಿಕ ಆಧಾರವಿಲ್ಲ, ಅದನ್ನೂ ಮುಚ್ಚಿಡಬಾರದು.

ಹೀಲರ್ ಬಳಿ ಹೋಗುವ ಮುಂಚೆ ಮೂರು ಪ್ರಶ್ನೆ ಕೇಳಿ. ಎಷ್ಟು ಸೆಷನ್ ಆದ ಮೇಲೆ ನಿಲ್ಲಿಸುವ ಬಗ್ಗೆ ಮಾತಾಡೋಣ? ನಡುವೆ ನಾನು ಮನೆಯಲ್ಲಿ ಏನು ಮಾಡಬೇಕು? ನನ್ನ ವೈದ್ಯರಿಗೆ ಈ ವಿಷಯ ತಿಳಿಸಿದರೆ ನಿಮ್ಮ ಅಭ್ಯಂತರವಿದೆಯೇ? ಮೂರನೆಯದಕ್ಕೆ ಮುಖ ಗಂಟಿಕ್ಕಿದರೆ ಬೇರೆಯವರನ್ನು ನೋಡಿ. ಮುಟ್ಟುವ ಮುನ್ನ ಪ್ರತಿ ಸಲವೂ ಅನುಮತಿ ಕೇಳಬೇಕು, ಬೇಡವೆಂದರೆ ಮುಟ್ಟದೆ ಮಾಡಬೇಕು. ‘ಬಿಟ್ಟುಹೋದರೆ ಕೆಡುಕಾಗುತ್ತದೆ’ ಎಂದು ಹೆದರಿಸುವವರ ಬಳಿ ಎರಡನೇ ಸಲ ಹೋಗಬೇಡಿ.

ಹೊಸಬ:
ಕೊನೆಯ ಪ್ರಶ್ನೆ. ಬೆಳೆಯುತ್ತಿದ್ದೇನೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಬೆಳಕು ಕಾಣುವುದು ಲೆಕ್ಕಕ್ಕಿಲ್ಲ ಅಂತಾಯಿತು.

ನಿಧಾನಿ:
ತಿಂಗಳಿಗೊಮ್ಮೆ, ಅದೇ ತಾರೀಕು, ಅರ್ಧ ಗಂಟೆ ತೆಗೆದಿಡಿ. ನೋಟ್‌ಬುಕ್ ತೆಗೆದು ಇವಿಷ್ಟನ್ನು ನೋಡಿ. ಸಿಟ್ಟು ಬಂದ ಮೇಲೆ ಸಮಸ್ಥಿತಿಗೆ ಬರಲು ಹಿಡಿಯುವ ಹೊತ್ತು ಕಡಿಮೆಯಾಗಿದೆಯೇ? ಸಿಟ್ಟು ಬರುವುದೇ ನಿಲ್ಲಬೇಕು ಎಂದು ನೋಡಬೇಡಿ. ಮೊದಲು ಎರಡು ದಿನ ಎಳೆಯುತ್ತಿದ್ದದ್ದು ಎರಡು ಗಂಟೆಗೆ ಇಳಿದರೆ ಅದು ದೊಡ್ಡ ಬದಲಾವಣೆ. ತಪ್ಪು ಮಾಡಿದ್ದಕ್ಕೂ ಒಪ್ಪಿಕೊಂಡದ್ದಕ್ಕೂ ನಡುವಿನ ಅಂತರ ಎಷ್ಟು ದಿನ? ಕೊಟ್ಟ ಮಾತಿನಲ್ಲಿ ಎಷ್ಟು ನಡೆಸಿದೆ? ನಿದ್ದೆ ಹೇಗಿದೆ? ಜತೆಗಿರುವ ಒಬ್ಬರನ್ನು, ನಿಮ್ಮನ್ನು ಹೊಗಳುವ ಅಗತ್ಯವಿಲ್ಲದವರನ್ನು, ‘ಈ ತಿಂಗಳು ನನ್ನ ಜತೆ ಇರುವುದು ಸುಲಭವಾಗಿತ್ತೇ’ ಎಂದು ಕೇಳಿ. ಉತ್ತರಕ್ಕೆ ಸಮಜಾಯಿಷಿ ಕೊಡದೆ ಬರೆದುಕೊಳ್ಳಿ.

ಮೂರು ತಿಂಗಳ ಪುಟಗಳನ್ನು ಪಕ್ಕಪಕ್ಕ ಇಟ್ಟು ಯಾವುದೂ ಕದಲಿಲ್ಲ ಎಂದಾದರೆ ಹೊತ್ತು ಹೆಚ್ಚಿಸಲು ಹೋಗಬೇಡಿ. ಮೊದಲು ಕಾರಣದ ಪಟ್ಟಿ ನೋಡಿ, ಆಮೇಲೆ ತಪೋನಿಷ್ಠರ ಒಂಬತ್ತರಲ್ಲಿ ಯಾವುದು ಹೊಂದುತ್ತದೆ ನೋಡಿ, ಅದೊಂದನ್ನೇ ಮುಂದಿನ ನಲವತ್ತು ದಿನಕ್ಕೆ ತಗೊಳ್ಳಿ. ಗೊತ್ತಾಗದಿದ್ದರೆ ಆ ಪಟ್ಟಿಯನ್ನು ಹೆಸರು, ಖಾಸಗಿ ವಿವರ ತೆಗೆದು ಇಲ್ಲೇ ಹಾಕಿ, ಕೂತು ನೋಡೋಣ.